ಕುದ್ರೆ ಕಾಯ್ತಾ ಅವೆ

ನಾನು ಬ್ರಿಸ್ಬೇನಿಗೆ ಓದಲು ಹೋದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಓದಿದ್ದು ಮಣ್ಣಿನ ವಿಷಯ. ತುಮಕೂರಿನ ಪೇಟೆಯಲ್ಲಿ ತಗಡಿನ ಟ್ರಂಕು ಮಾಡಿ ಮಾರುತ್ತಿದ್ದ ಅಬ್ಬಾಗೆ ಇದನ್ನು ಅಂಗಡಿಗೆ ಬಂದವರಿಗೆಲ್ಲ ವಿವರಿಸುವುದೇ ಕಷ್ಟವಾಗಿತ್ತು.

"ಮಣ್ಣು ಓದಕ್ಕೆ ಸಮುದ್ರ ದಾಟ್ಬೇಕಾ ಸಾಬ್ರೇ? ನಮ್ ಗುಬ್ಬಿ ಕಡೀಕ್ ಕಳ್ಸಿ, ಬೇಕಾದಷ್ಟೈತೆ" ಎಂದು ಗಿರಾಕಿಗಳು ನಗುತ್ತಿದ್ದರು. ಅಬ್ಬಾ ತಾವೂ ನಕ್ಕು ತಗಡಿನ ಮೇಲೆ ಸುತ್ತಿಗೆ ಆಡಿಸುತ್ತಿದ್ದರು. ಒಳಗೊಳಗೆ ಅವರಿಗೆ ಹೆಮ್ಮೆ. ನಾನು ಒಬ್ಬನೇ ಮಗ. ಸರ್ಕಾರದ ಸ್ಕಾಲರ್‌ಶಿಪ್ಪು ಸಿಕ್ಕಿದ ಸುದ್ದಿಯನ್ನು ಅವರು ಉಪ್ಪಾರಹಳ್ಳಿಯ ನಮ್ಮ ಬೀದಿಯಲ್ಲಿ ಮನೆಮನೆಗೂ ಹೇಳಿ ಬಂದಿದ್ದರು. ಅಮ್ಮಿ ಮಾತ್ರ ಹೊರಡುವ ದಿನ ನನ್ನ ತಲೆಯ ಮೇಲೆ ಕೈಯಿಟ್ಟು, "ಹೆದರಿಕೆಯಾದರೆ ಆಯತುಲ್ ಕುರ್ಸಿ ಓದಿಕೋ" ಎಂದಷ್ಟೇ ಹೇಳಿದಳು.

ಮನೆಯೊಳಗೆ ನಮ್ಮದು ಉರ್ದು. ಹೊಸ್ತಿಲು ದಾಟಿದರೆ ಕನ್ನಡ. ಶಾಲೆ, ಅಂಗಡಿ, ಆಟ, ಜಗಳ ಎಲ್ಲವೂ ಕನ್ನಡದಲ್ಲೇ. ಎರಡರಲ್ಲಿ ನನ್ನದು ಯಾವುದು ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಬ್ರಿಸ್ಬೇನಿನಲ್ಲಿ ಉರ್ದು ಬಲ್ಲ ಒಬ್ಬಿಬ್ಬರು ವಿದ್ಯಾರ್ಥಿಗಳು ಸಿಕ್ಕಿದರು, ಶುಕ್ರವಾರದ ನಮಾಜಿಗೆ ಒಟ್ಟಿಗೆ ಹೋಗುತ್ತಿದ್ದೆವು. ಕನ್ನಡದವರು ಒಬ್ಬರೂ ಸಿಗಲಿಲ್ಲ. ಕನ್ನಡ ಬೇಕೆನಿಸುತ್ತದೆ ಎಂದೂ ನನಗೆ ಗೊತ್ತಿರಲಿಲ್ಲ.

ಅದು ನದಿಯ ಊರು. ತುಮಕೂರಿನಲ್ಲಿ ಬೆಳೆದವನಿಗೆ ನೀರೆಂದರೆ ಕೆರೆ, ಬೇಸಿಗೆ ಬಂದರೆ ತಳ ಬಿರಿಯುವ ಕೆರೆ. ಇಲ್ಲಿ ನದಿ ಊರಿನೊಳಗೇ ಹೊರಳಾಡುತ್ತಿತ್ತು. ಯಾವ ಬೀದಿ ಹಿಡಿದು ಹೋದರೂ ಕೊನೆಯಲ್ಲಿ ಅದೇ ಕಂದು ನೀರು ಎದುರಾಗುತ್ತಿತ್ತು. ಸಮುದ್ರ ಉಬ್ಬಿದಾಗ ನದಿ ಹಿಂದಕ್ಕೆ ಹರಿಯುತ್ತಿತ್ತು. ಬೆಳಿಗ್ಗೆ ಕೆಳಕ್ಕೆ ತೇಲಿಹೋದ ಮರದ ಕೊಂಬೆ ಮಧ್ಯಾಹ್ನ ತಿರುಗಿ ಬರುವುದನ್ನು ಮೊದಲ ಸಲ ನೋಡಿದಾಗ ನಾನು ದಡದಲ್ಲಿ ನಿಂತೇಬಿಟ್ಟಿದ್ದೆ. ಹಿತ್ತಲುಗಳಲ್ಲಿ ಮಾವಿನ ಮರ, ಬಾಳೆ, ದಾಸವಾಳ, ದೇವಕಣಗಿಲೆ. ಸೆಖೆಯೂ ನಮ್ಮದರಂಥದ್ದೇ. ಆದರೆ ಬೀದಿಯಲ್ಲಿ ಒಬ್ಬ ಮನುಷ್ಯ ಕಾಣುತ್ತಿರಲಿಲ್ಲ. ನಮ್ಮೂರನ್ನೇ ತೊಳೆದಿಟ್ಟು, ಜನರನ್ನೆಲ್ಲ ಎತ್ತಿಕೊಂಡು ಹೋದಂತೆ ಇತ್ತು. ಸಂಜೆಯಾದರೆ ಬೆಕ್ಕಿನ ಗಾತ್ರದ ಬಾವಲಿಗಳು ಸಾಲುಸಾಲಾಗಿ ನದಿ ದಾಟಿ ಬರುತ್ತಿದ್ದವು. ರೆಕ್ಕೆಯ ಸದ್ದು ಕೇಳುತ್ತಿರಲಿಲ್ಲ.

ನಾನು ಬಾಡಿಗೆಗಿದ್ದದ್ದು ಎತ್ತರದ ಮರದ ಕಂಬಗಳ ಮೇಲೆ ಕಟ್ಟಿದ ಒಂದು ಹಳೆಯ ಮರದ ಮನೆಯಲ್ಲಿ. ಮನೆಯ ಕೆಳಗಡೆ ಪೂರ್ತಿ ಖಾಲಿ. ಅಲ್ಲಿ ಬಟ್ಟೆ ಒಗೆಯುವ ತೊಟ್ಟಿ, ಒಣಹಾಕುವ ಹಗ್ಗ, ಮುರಿದ ಕುರ್ಚಿಗಳು. ನಾನು ಬರುವ ಹಿಂದಿನ ವರ್ಷ ಊರಿಗೆ ದೊಡ್ಡ ನೆರೆ ಬಂದಿತ್ತು. ನೀರು ನಿಂತಿದ್ದ ಎತ್ತರಕ್ಕೆ ಕಂಬಗಳ ಮೇಲೆ, ಮೆಟ್ಟಿಲ ಮೇಲೆ, ನನ್ನ ಕೋಣೆಯ ಗೋಡೆಯ ಬುಡದಲ್ಲಿ ಕಂದು ಗೆರೆ ಉಳಿದಿತ್ತು. ಮನೆಯೊಡತಿ ವಿಧವೆ, ವಯಸ್ಸಾದವರು, ಕಿವಿ ಸ್ವಲ್ಪ ಮಂದ. ಬಣ್ಣ ಹೊಡೆಸಿದರೂ ಗೆರೆ ಮತ್ತೆ ಮತ್ತೆ ಮೇಲೆ ಬರುತ್ತದೆ ಎನ್ನುತ್ತಿದ್ದರು. ಮನೆಯ ಕೆಳಗೆ ಒಂದು ದೊಡ್ಡ ಪಂಜರವಿತ್ತು. ಅದರಲ್ಲಿ ಬೂದು ರೆಕ್ಕೆಯ, ಗುಲಾಬಿ ಎದೆಯ, ಗಿಣಿಯ ಜಾತಿಯ ಒಂದು ಹಕ್ಕಿ. "ನೆರೆ ಬಂದ ಮೇಲೆ ಅದು ಬಾಯಿ ಬಿಟ್ಟಿಲ್ಲ" ಎಂದು ಆಕೆ ಹೇಳಿದ್ದರು. ನಾನು ಹತ್ತಿರ ಹೋದರೆ ಅದು ತಲೆ ವಾಲಿಸಿ ಒಂದೇ ಕಣ್ಣಿನಿಂದ ನೋಡುತ್ತಿತ್ತು.

ದನಿ ಕೇಳಿದ್ದು ನಾನು ಹೋಗಿ ಕೆಲವು ವಾರಗಳಾದ ಮೇಲೆ. ಬೆಳಕು ಹರಿಯುವ ಹೊತ್ತು. ಅರೆನಿದ್ದೆಯಲ್ಲಿದ್ದೆ. ನೆಲದ ಹಲಗೆಯ ಕೆಳಗಿನಿಂದ ಯಾರೋ ಕೆಮ್ಮಿದರು. ಬೀಡಿ ಸೇದುವವರ ಕೆಮ್ಮು, ಎದೆಯ ಆಳದಿಂದ ಬರುವಂಥದ್ದು. ಆಮೇಲೆ ನಾಲಿಗೆಯಿಂದ ಲೊಚಗುಟ್ಟಿದ ಸದ್ದು. ಆಮೇಲೆ ವಯಸ್ಸಾದ ಗಂಡಸಿನ ಒರಟು ದನಿ:

"ಎದ್ದೇಳ್ಲಾ ಮಗ. ಕುದ್ರೆ ಕಾಯ್ತಾ ಅವೆ ಕಣ್ಲಾ."

ನಾನು ಕಣ್ಣು ಬಿಟ್ಟೆ. ಕನಸೆಂದುಕೊಂಡೆ. ತುಮಕೂರಿನ ಪೇಟೆಯಲ್ಲಿ ಸಂತೆಯ ದಿನ ಕೇಳುವ ಮಾತಿನ ವರಸೆ ಅದು. ಅಬ್ಬಾನ ಅಂಗಡಿಯ ಮುಂದೆ ನಿಂತು ಯಾರೋ ಕೂಗಿದ ಹಾಗೇ ಇತ್ತು. ಮರುದಿನ ಮತ್ತೆ ಕೇಳಿತು. ಅದೇ ಕೆಮ್ಮು, ಅದೇ ಲೊಚಗುಟ್ಟುವಿಕೆ, ಅದೇ ಮಾತು. ಈ ಸಲ ನಾನು ಎಚ್ಚರವಾಗಿದ್ದೆ. ಅಮ್ಮಿ ಹೇಳಿದ್ದ ಕುರಾನಿನ ಸಾಲುಗಳನ್ನು ಓದಿಕೊಂಡು, ಬರಿಗಾಲಲ್ಲಿ ಹಿಂದಿನ ಮೆಟ್ಟಿಲಿಳಿದು ಹೋದೆ. ಕೆಳಗೆ ಮಬ್ಬು. ಹಗ್ಗದ ಮೇಲೆ ನನ್ನ ಅಂಗಿ, ಆಕೆಯ ಹಾಸಿಗೆ ಬಟ್ಟೆ. ಪಂಜರದ ಮೇಲೆ ಗೋಣಿ ಹೊದಿಸಿತ್ತು. ಯಾರೂ ಇರಲಿಲ್ಲ. ನೆರೆ ಇಳಿದು ವರ್ಷವಾಗಿದ್ದರೂ ಅಲ್ಲಿನ ನೆಲದಲ್ಲಿ ಕೆಸರಿನ ವಾಸನೆ ಹೋಗಿರಲಿಲ್ಲ.

ಯಾರಿಗೆ ಹೇಳುವುದು? ಒಬ್ಬಂಟಿಯಾಗಿರುವ ವಿದ್ಯಾರ್ಥಿಗಳಿಗೆ ತಲೆ ಕೆಡುವ ಕತೆಗಳನ್ನು ಕೇಳಿದ್ದೆ. ನನಗೂ ಹಾಗೇ ಆಗುತ್ತಿದೆಯೇನೋ ಎಂದು ಹಗಲಿಡೀ ಪ್ರಯೋಗಾಲಯದಲ್ಲಿ ಮಣ್ಣು ಜರಡಿ ಹಿಡಿಯುತ್ತಾ ಯೋಚಿಸುತ್ತಿದ್ದೆ. ಕುದುರೆ ಯಾಕೆ? ನಮ್ಮ ಮನೆಯಲ್ಲಿ ಯಾರಿಗೂ ಕುದುರೆಯ ಸಂಬಂಧವಿಲ್ಲ. ನನ್ನ ಹುಚ್ಚೇ ಆಗಿದ್ದರೆ ಅದು ಟ್ರಂಕಿನ ಮಾತಾಡಬೇಕಿತ್ತು. ಆಶ್ಚರ್ಯವೆಂದರೆ, ದನಿ ಕೇಳದ ಬೆಳಗಿನಲ್ಲಿ ಏನೋ ತಪ್ಪಿದಂತಾಗಿ ಕಾಯುತ್ತಾ ಮಲಗಿರುತ್ತಿದ್ದೆ. ಇಡೀ ಊರಿನಲ್ಲಿ ನನ್ನೊಂದಿಗೆ ಕನ್ನಡ ಮಾತಾಡುತ್ತಿದ್ದದ್ದು ಅದೊಂದೇ.

ಬೇಸಿಗೆ ಬಂತು. ಅಲ್ಲಿನ ಬೇಸಿಗೆ ಡಿಸೆಂಬರಿನಲ್ಲಿ. ಒಂದು ಮಧ್ಯಾಹ್ನ ಆಕಾಶ ಹಸಿರುಗಪ್ಪಾಗಿ, ಗಾಳಿ ನಿಂತು, ಬಿರುಮಳೆಯ ಲಕ್ಷಣ ಕಂಡಿತು. ಒಣಗಿದ ಬಟ್ಟೆ ತೆಗೆಯಲು ಕೆಳಗಿಳಿದೆ. ಹಗ್ಗದ ಕೊನೆಯಲ್ಲಿ ಪಂಜರ. ಗೋಣಿ ಹೊದಿಸಿರಲಿಲ್ಲ. ಹಕ್ಕಿ ಕಂಬಿಯ ಹತ್ತಿರಕ್ಕೆ ಸರಿದು ಬಂತು, ನನ್ನ ಮುಖವನ್ನೇ ನೋಡಿತು, ಕೆಮ್ಮಿತು.

ಆ ಪುಟ್ಟ ಎದೆಯಿಂದ ಮುದುಕನೊಬ್ಬನ ಕೆಮ್ಮು ಬಂದದ್ದನ್ನು ನೋಡಿದಾಗ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಹಕ್ಕಿ ಲೊಚಗುಟ್ಟಿ, ಸ್ಪಷ್ಟವಾಗಿ ಹೇಳಿತು, "ಎದ್ದೇಳ್ಲಾ ಮಗ. ಕುದ್ರೆ ಕಾಯ್ತಾ ಅವೆ ಕಣ್ಲಾ."

ಮೆಟ್ಟಿಲ ಮೇಲೆ ಮನೆಯೊಡತಿ ನಿಂತಿದ್ದರು. ಅವರಿಗೂ ಕೇಳಿಸಿತ್ತು. "ಮತ್ತೆ ಮಾತಾಡಿತು!" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು.

"ಇಲ್ಲಿ ನನಗಿಂತ ಮೊದಲು ಯಾರಿದ್ದರು?" ಎಂದು ಕೇಳಿದೆ.

ಆಕೆ ಕೆಳಗಿನ ಮೆಟ್ಟಿಲ ಮೇಲೆ ಕುಳಿತರು. ಇಂಡಿಯಾದ ಒಬ್ಬ ಹುಡುಗನಿದ್ದ. ಪಶುವೈದ್ಯಕೀಯ ಓದಲು ಬಂದಿದ್ದ. ಊರಿನ ಹೆಸರು ಹೇಳಿಕೊಟ್ಟಿದ್ದ, ತಮಗೆ ಸರಿಯಾಗಿ ಹೇಳಲು ಬರುವುದಿಲ್ಲ, ಕುನಿಗ್ಯಾಲ್. ಅವನ ಬಗ್ಗೆ ನನಗೆ ಮೊದಲೇ ಹೇಳಿದ್ದರೆ ಆ ಕೋಣೆಗೆ ನಾನು ಬರುತ್ತಿರಲಿಲ್ಲವೇನೋ ಎಂದು ಸುಮ್ಮನಿದ್ದರಂತೆ.

ಕುಣಿಗಲ್. ತುಮಕೂರಿನಿಂದ ಬಸ್ಸಿನಲ್ಲಿ ಎಷ್ಟು ದೂರ!

"ಬೆಳಿಗ್ಗೆ ಹಕ್ಕಿಯ ಗೋಣಿ ತೆಗೆಯುತ್ತಾ ಅವನು ಅದಕ್ಕೆ ಮಾತು ಕಲಿಸುತ್ತಿದ್ದ. ತಾನೇ ನಗುತ್ತಿದ್ದ. ಅದೇನು ಹೇಳುತ್ತದೆ? ನಿನಗೆ ಗೊತ್ತಾಗುತ್ತದೆಯೇ?"

"ಎದ್ದೇಳು ಮಗನೇ, ಕುದುರೆಗಳು ಕಾಯುತ್ತಿವೆ ಅನ್ನುತ್ತದೆ."

ಆಕೆಯ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ಮಳೆ ಶುರುವಾಗಿ, ತಗಡಿನ ಸೂರಿನ ಸದ್ದಿಗೆ ಆಕೆ ಕೂಗಿ ಹೇಳಬೇಕಾಯಿತು.

ನೆರೆಯ ಸಮಯದಲ್ಲಿ ನೀರು ಅಂಗಳಕ್ಕೆ ಬಂದಾಗ ಆ ಹುಡುಗನೇ ಆಕೆಯನ್ನೂ ಹಕ್ಕಿಯನ್ನೂ ಗುಡ್ಡದ ಮೇಲಿದ್ದ ಆಕೆಯ ತಂಗಿಯ ಮನೆಗೆ ಸೇರಿಸಿದ. ಎಲ್ಲರೂ ಅಲ್ಲೇ ಮಲಗಿದ್ದರು. ಬೆಳಕಾಗುತ್ತಿದ್ದಂತೆ ಅಡುಗೆಮನೆಯಲ್ಲಿ ಹಕ್ಕಿ ತನ್ನ ಎಂದಿನ ಮಾತು ಕೂಗಿತು. ಹುಡುಗ ಎದ್ದು ಬಂದ, ನಕ್ಕ, ತನ್ನ ಭಾಷೆಯಲ್ಲಿ ಅದಕ್ಕೆ ಏನೋ ಉತ್ತರ ಕೊಟ್ಟ. ಆಮೇಲೆ ಬೂಟು ಹಾಕಿಕೊಂಡ. ನದಿಯ ತಿರುವಿನಲ್ಲಿ ಒಂದು ಸಣ್ಣ ಕುದುರೆ ಲಾಯವಿತ್ತು. ರಜೆಯ ದಿನಗಳಲ್ಲಿ ಅವನು ಅಲ್ಲಿ ಕೆಲಸ ಮಾಡುತ್ತಿದ್ದ. ಕುದುರೆಗಳನ್ನು ಯಾರಾದರೂ ಬಿಚ್ಚಿದ್ದಾರೋ ಇಲ್ಲವೋ ನೋಡಿ ಬರುತ್ತೇನೆ ಎಂದು ಹೊರಟ.

"ಕುದುರೆಗಳೆಲ್ಲ ಉಳಿದವು" ಎಂದರು ಆಕೆ. "ನೀರು ಇಳಿದ ಮೇಲೆ ನೋಡಿದರೆ ದಿಣ್ಣೆಯ ಮೇಲೆ ಮೇಯುತ್ತಾ ನಿಂತಿದ್ದವು. ಲಾಯದ ಬಾಗಿಲುಗಳೆಲ್ಲ ತೆರೆದಿದ್ದವು. ಅವನು ಸಿಗಲಿಲ್ಲ. ದೇಹವೂ ಸಿಗಲಿಲ್ಲ."

ಆ ಮನೆಯನ್ನು ಬಿಡಬೇಕೆಂದು ಅನ್ನಿಸಿತು. ಬಿಡಲಿಲ್ಲ. ಓದು ಮುಗಿಯುವವರೆಗೂ ಅಲ್ಲೇ ಇದ್ದೆ. ಅಂದಿನ ನಂತರ ಹಕ್ಕಿ ಮತ್ತೆ ಹಗಲಿನಲ್ಲಿ ಮಾತಾಡಲಿಲ್ಲ, ಬೆಳಕು ಹರಿಯುವಾಗ ಮಾತ್ರ. ನಾನು ಅದಕ್ಕೆ ಒಗ್ಗಿಹೋದೆ.

ಊರಿಗೆ ಮರಳಿದ ಮೇಲೆ ನನಗೆ ಮಣ್ಣು ಪರೀಕ್ಷೆಯ ಕೆಲಸ ಸಿಕ್ಕಿತು. ಗುಬ್ಬಿ ತಾಲ್ಲೂಕು ಸುತ್ತುವುದು. ಚೇಳೂರಿನ ಕಡೆಯ ತೆಂಗಿನ ತೋಟಗಳಲ್ಲಿ ಗುಣಿ ತೋಡಿಸಿ ಮಣ್ಣು ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿ ಬರುವುದು. ಕುಣಿಗಲ್ಲಿಗೆ ಹೋಗಬೇಕೆಂದು ಮೊದಲ ದಿನದಿಂದಲೇ ಇತ್ತು. ಹೋಗಿ ಏನು ಹೇಳುವುದು ಎನ್ನುವುದಷ್ಟೇ ತೋಚಿರಲಿಲ್ಲ. ಕೊನೆಗೆ ಒಂದು ಭಾನುವಾರ ಹೊರಟೆ. ಕುಣಿಗಲ್ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಟೀ ಕುಡಿಯುತ್ತಾ, ಫಾರಿನ್ನಿಗೆ ಓದಲು ಹೋಗಿ ನೀರಿನಲ್ಲಿ ಹೋದ ಹುಡುಗನ ಮನೆ ಯಾವುದು ಎಂದು ಕೇಳಿದೆ. ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಬಾಗಿಲು ತೆಗೆದವಳು ಅವನ ಅಕ್ಕ. ಊರಿನ ಶಾಲೆಯಲ್ಲಿ ಟೀಚರು. ನಾನು ಯಾರೆಂದು ಹೇಳಿದ ಕೂಡಲೇ ಬಾಗಿಲನ್ನು ಹಿಂದಿನಿಂದ ಎಳೆದುಕೊಂಡು ಹೊರಗೆ ಬಂದಳು. "ಸಾರ್, ನಮ್ಮಮ್ಮ ಅವ್ನು ಇದಾನೆ ಅಂತ್ಲೇ ಇದಾರೆ. ತಿಥಿ ಮಾಡೋಣ ಅಂದ್ರೆ ನನ್ ಮೇಲೇ ಬರ್ತಾರೆ. ಇಲ್ದಿರೋ ಆಸೆ ಹುಟ್ಟಿಸ್ಬೇಡಿ" ಎಂದಳು.

"ಯಾರೇ ಅದು?" ಎಂದು ಒಳಗಿನಿಂದ ದನಿ ಬಂತು. ಇನ್ನು ಬಚ್ಚಿಡುವಂತಿರಲಿಲ್ಲ.

ತಾಯಿ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದರು. ಮಗನಿದ್ದ ಮನೆಯಲ್ಲೇ ನಾನಿದ್ದೆ ಎಂದು ಕೇಳಿ ಮೊರವನ್ನು ಪಕ್ಕಕ್ಕೆ ಸರಿಸಿದರು. ಮನೆ ಹೇಗಿತ್ತು, ಮಂಚ ಎಲ್ಲಿತ್ತು, ಕಿಟಕಿಯಿಂದ ಏನು ಕಾಣುತ್ತಿತ್ತು, ಎಲ್ಲ ಕೇಳಿದರು. ಹಕ್ಕಿಯ ಮಾತು ಹೇಳಬೇಕೋ ಬೇಡವೋ ಎಂದು ಅಕ್ಕನ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಹೇಳಿದೆ.

"ಅದು ಹೆಂಗಂತದೆ? ಅಂದು ತೋರ್ಸಪ್ಪ."

"ಅಮ್ಮ, ಬೇಡ..." ಎಂದಳು ಅಕ್ಕ.

"ನೀ ಸುಮ್ಕಿರು."

ಎಷ್ಟೋ ಬೆಳಗುಗಳು ಕೇಳಿದ್ದ ದನಿ. ನನಗೆ ಯತ್ನವೇ ಬೇಕಾಗಲಿಲ್ಲ. ಕೆಮ್ಮಿದೆ, ನಾಲಿಗೆ ಲೊಚಗುಟ್ಟಿದೆ, ಆ ಮಾತನ್ನು ಆ ದನಿಯಲ್ಲೇ ಹೇಳಿದೆ.

ಅಕ್ಕ ಥಟ್ಟನೆ ಬಾಯಿಗೆ ಸೆರಗು ಒತ್ತಿಕೊಂಡಳು. ತಾಯಿ ಕದಲಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದರು, "ಇದು ನನ್ ಮಗನ್ ದನಿಯಲ್ಲ. ಇದು ಅವ್ರಪ್ಪಂದು."

ಆಕೆಯ ಗಂಡ ಊರಾಚೆಯ ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸದಲ್ಲಿದ್ದನಂತೆ. ನಸುಕಿಗೇ ಎದ್ದು, ಕೆಮ್ಮುತ್ತಾ, ಕುದುರೆಗೆ ಮಾಡುವಂತೆ ನಾಲಿಗೆ ಲೊಚಗುಟ್ಟಿ ಮಗನನ್ನು ಎಬ್ಬಿಸಿ ಜೊತೆಗೆ ಕರೆದೊಯ್ಯುತ್ತಿದ್ದನಂತೆ. ಹುಡುಗ ಹೈಸ್ಕೂಲಿನಲ್ಲಿರುವಾಗ ಅಪ್ಪ ಎದೆರೋಗದಲ್ಲಿ ತೀರಿಕೊಂಡ. ಮಗನಿಗೆ ಯಾರ ದನಿಯನ್ನಾದರೂ ಹಾಗೇ ಅನುಕರಿಸುವ ಚಾಳಿ. ಅಪ್ಪ ಸತ್ತ ಮೇಲೂ ಒಂದು ಬೆಳಿಗ್ಗೆ ಅಪ್ಪನ ದನಿಯಲ್ಲೇ ಕೂಗಿದ.

"ನಾನೇ ಬಯ್ದೆ" ಎಂದರು ತಾಯಿ. "ಸತ್ತೋರ್ ದನಿ ಮನೇಲಿ ಕೂಗ್ಬಾರ್ದು ಕಣ್ಲಾ ಅಂತ. ಆಮೇಲೆ ಬುಟ್ಬುಟ್ಟ. ಅಲ್ಲೋಗಿ, ಬಯ್ಯೋರಿಲ್ಲ ಅಂತ, ಶುರು ಮಾಡ್ಕಂಡವ್ನೆ."

ನೆರೆಯ ಬೆಳಗಿನ ಕತೆಯನ್ನೂ ಹೇಳಿದೆ. ಹಕ್ಕಿ ಕೂಗಿದ್ದು, ಅವನು ನಕ್ಕು ಉತ್ತರ ಕೊಟ್ಟದ್ದು, ಹೊರಟುಹೋದದ್ದು. ಕುದುರೆಗಳೆಲ್ಲ ಉಳಿದವು ಎಂದಾಗ ಆಕೆ ತಲೆಯಾಡಿಸಿದರು. "ಅವ್ರಪ್ಪ ಕೂಗ್ದ, ಇವ್ನು ಎದ್ದೋದ" ಎಂದು ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಆದರೂ ಮಗ ಸತ್ತನೆಂದು ಅವರು ಹೇಳಲಿಲ್ಲ. ನಾನು ಹೊರಡುವಾಗ ಅವರು ಕೇಳಿದ್ದು ಒಂದೇ: ಆ ಹಕ್ಕಿಯ ದನಿ ನಾನೊಂದ್ಸಲ ಕೇಳ್ಬೋದಾ?

ಆಗ ನಮ್ಮ ಕಡೆ ಟೇಪ್ ರೆಕಾರ್ಡರು ಮನೆಮನೆಗೆ ಬರುತ್ತಿದ್ದ ಕಾಲ. ಬ್ರಿಸ್ಬೇನಿನ ಮನೆಯೊಡತಿಗೆ ಬರೆದು ಕೇಳಿಕೊಂಡೆ. ತಿಂಗಳುಗಳಾದ ಮೇಲೆ ಒಂದು ಕ್ಯಾಸೆಟ್ಟು ಅಂಚೆಯಲ್ಲಿ ಬಂತು. ಅಬ್ಬಾನ ಪಕ್ಕದ ಅಂಗಡಿಯವರಿಂದ ಟೇಪ್ ರೆಕಾರ್ಡರು ಕೇಳಿ ತಂದು, ಕುಣಿಗಲ್ಲಿಗೆ ಒಯ್ಯುವ ಮೊದಲು ಸರಿಯಾಗಿದೆಯೋ ನೋಡೋಣವೆಂದು ನಮ್ಮ ಮನೆಯಲ್ಲೇ ಹಾಕಿದೆ. ಮೊದಲು ಬರೀ ಸರಸರ ಸದ್ದು. ದೂರದಲ್ಲಿ ಯಾವುದೋ ಹಕ್ಕಿಗಳು. ಮನೆಯೊಡತಿ "ಮಾತಾಡು, ಮಾತಾಡು" ಎನ್ನುತ್ತಿದ್ದರು. ಬಹಳ ಹೊತ್ತಾದ ಮೇಲೆ ಕೆಮ್ಮು ಬಂತು.

"ಎದ್ದೇಳ್ಲಾ ಮಗ. ಕುದ್ರೆ ಕಾಯ್ತಾ ಅವೆ ಕಣ್ಲಾ."

ಮುಗಿಯಿತೆಂದು ಗುಂಡಿ ಒತ್ತಲು ಕೈ ಚಾಚಿದೆ. ಅಷ್ಟರಲ್ಲಿ ಟೇಪಿನಿಂದ ಇನ್ನೊಂದು ದನಿ ಬಂತು. ಹರೆಯದ ದನಿ, ನಿದ್ದೆಗಣ್ಣಿನದು.

"ಎದ್ದೆ ಕಣಪ್ಪಾ. ಬಂದೆ."

ಕೈ ಅಲ್ಲೇ ನಿಂತಿತು. ಸತ್ತ ಹುಡುಗನ ದನಿಯೇ ಕೇಳಿದೆನೆಂದುಕೊಂಡೆ. ಆಗ ಅಡುಗೆಮನೆಯಿಂದ ಅಮ್ಮಿ ಉರ್ದುವಿನಲ್ಲಿ ಕೇಳಿದಳು, "ಯಾರ ಜೊತೆ ಕನ್ನಡ ಮಾತಾಡ್ತಾ ಇದೀಯ?"

"ನಾನೆಲ್ಲಿ ಮಾತಾಡಿದೆ?"

"ಈಗ ಅಂದೆಯಲ್ಲ, ಎದ್ದೆ, ಬಂದೆ ಅಂತ."

ಟೇಪನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದೆ. ಅಮ್ಮಿ ಬಾಗಿಲಲ್ಲಿ ಬಂದು ನಿಂತು ಕೇಳಿದಳು. ಅವಳಿಗೆ ಅನುಮಾನವೇ ಇರಲಿಲ್ಲ. ಅದು ನನ್ನ ದನಿ. ಆ ಮನೆಯಲ್ಲಿ ಮಲಗಿದ್ದಲ್ಲಿಂದಲೇ, ನಿದ್ದೆಯ ಅಂಚಿನಲ್ಲಿ, ನಾನು ದಿನವೂ ಆ ಕರೆಗೆ ಉತ್ತರ ಕೊಡುತ್ತಿದ್ದೆ. ಹಲಗೆಗಳ ಸಂದಿಯಿಂದ ಅದು ಕೆಳಗೆ ಕೇಳಿಸಿ, ಹಕ್ಕಿ ಕಲಿತಿತ್ತು. ನನಗೆ ಅದರ ನೆನಪು ಒಂದಿಷ್ಟೂ ಇರಲಿಲ್ಲ, ಈಗಲೂ ಇಲ್ಲ. ನನ್ನ ತಂದೆಯನ್ನು ನಾನು ಹುಟ್ಟಿದಾಗಿನಿಂದ ಅಬ್ಬಾ ಎಂದವನು. ಅಪ್ಪಾ ಎಂದು ಕರೆದದ್ದು ಯಾರನ್ನು?

ಆ ಕ್ಯಾಸೆಟ್ಟನ್ನು ಒಯ್ಯುವುದೋ ಬಿಡುವುದೋ ಎಂದು ಹಲವು ದಿನ ಒದ್ದಾಡಿದೆ. ತಾಯಿಯೊಬ್ಬಳು ಕೇಳಿದ್ದು, ಒಯ್ಯಲೇಬೇಕಿತ್ತು. ಹೋಗಿ ಮೊದಲೇ ಹೇಳಿಬಿಟ್ಟೆ: ಎರಡನೇ ದನಿ ನಿಮ್ಮ ಮಗನದಲ್ಲ, ನನ್ನದು, ಹೇಗೆ ಬಂತೋ ನನಗೇ ಗೊತ್ತಿಲ್ಲ. ಅಕ್ಕ ಕಿಟಕಿ ಬಾಗಿಲು ಹಾಕಿ ಬಂದು ತಾಯಿಯ ಪಕ್ಕದಲ್ಲಿ ಕುಳಿತಳು. ಟೇಪು ಓಡಿತು.

ಗಂಡನ ದನಿ ಬಂದಾಗ ತಾಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು, ಎದುರಿಗೇ ಬಂದನೇನೋ ಎಂಬಂತೆ. ನನ್ನ ದನಿ ಬಂದಾಗ ತಲೆಯೆತ್ತಿ ನನ್ನನ್ನು ನೋಡಿದರು. ನಾನು ಇಷ್ಟು ದಿನ ಹೆದರಿದ್ದು ಅವರ ಅಳುವಿಗೆ. ಅವರು ಅಳಲಿಲ್ಲ. ಅವರ ಕಣ್ಣಿನಲ್ಲಿದ್ದದ್ದು ಭಯ, ಅದು ನನಗಾಗಿ.

"ನೀನ್ಯಾಕಪ್ಪ ಬಂದೆ ಅಂದೆ? ಅವ್ರು ಕರ್ದಿದ್ದು ನಿನ್ನಲ್ಲ."

"ಗೊತ್ತಿಲ್ಲಮ್ಮ. ನಿದ್ದೇಲಿ..."

"ಸತ್ತೋರು ಕರುದ್ರೆ ಓಗೊಡ್ಬಾರ್ದು ಕಣಪ್ಪ. ನನ್ ಮಗ ಓಗೊಟ್ಟ. ನೀನೂ ಓಗೊಟ್ಟಿದೀಯ." ಆಕೆ ಟೇಪ್ ರೆಕಾರ್ಡರಿನ ಮೇಲೆ ಅಂಗೈ ಒತ್ತಿ ಇಟ್ಟರು. "ನಿಮ್ಮವ್ವಂಗೆ ಎಷ್ಟು ಜನ ಮಕ್ಳು?"

"ನಾನೊಬ್ನೇ."

ಆಕೆ ಅಕ್ಕನ ಕಡೆ ತಿರುಗಿದರು. "ಐನೋರ್ನ ಕೇಳ್ಕಂಬಾ. ತಿಥಿ ಮಾಡ್ಬುಡನ. ಇಬ್ರುದ್ದೂ ಒಟ್ಗೆ. ನಮ್ಮೋರು ನಮ್ಮೋರ್ ತಾವ ಇರ್ಲಿ. ಬ್ಯಾರೆಯೋರ್ ಮಕ್ಕುಳ್ನ ಕರ್ಯಾದು ಬ್ಯಾಡ."

ಇಷ್ಟು ವರ್ಷ ಮಗಳು ಕೈಮುಗಿದು ಕೇಳಿದರೂ ಒಪ್ಪದಿದ್ದವರು, ನನಗಾಗಿ ತಮ್ಮ ಮಗ ಸತ್ತನೆಂದು ಒಪ್ಪಿಕೊಂಡರು. ಅಕ್ಕ ಎದ್ದು ಒಳಗೆ ಹೋದಳು. ಅವಳು ಬಿಕ್ಕುವುದು ಕೇಳಿಸುತ್ತಿತ್ತು. ಕ್ಯಾಸೆಟ್ಟನ್ನು ಅಲ್ಲೇ ಬಿಟ್ಟು ಬಂದೆ. ಅದನ್ನು ಅವರು ಏನು ಮಾಡಿದರೆಂದು ನಾನು ಕೇಳಲಿಲ್ಲ.

ತಿಥಿಯ ದಿನ ಬರಲೇಬೇಕೆಂದು ಹೇಳಿ ಕಳಿಸಿದ್ದರು. ಹಿತ್ತಲಿನ ಒಂದು ಪಕ್ಕದಲ್ಲಿ ನಿಂತಿದ್ದೆ. ಎಡೆ ಇಡುವಾಗ ತಾಯಿ ನನ್ನ ಹತ್ತಿರ ಬಂದು, ಬ್ರಿಸ್ಬೇನಿನಲ್ಲಿ ಅವನಿಗೆ ತಿನ್ನಲು ಏನು ಇಷ್ಟವಿತ್ತು ಎಂದು ಕೇಳಿದರು. ಅವನನ್ನು ನಾನು ಕಂಡವನೇ ಅಲ್ಲ. ಮನೆಯೊಡತಿ ಯಾವಾಗಲೋ ಹೇಳಿದ್ದು ನೆನಪಾಗಿ, ಬ್ರೆಡ್ಡಿಗೆ ಅನಾನಸ್ ಜಾಮ್ ಹಚ್ಚಿಕೊಂಡು ತಿನ್ನುತ್ತಿದ್ದನಂತೆ ಎಂದೆ. ಅಕ್ಕ ಬೇಕರಿಗೆ ಓಡಿದಳು. ಅನಾನಸ್ ಇರಲಿಲ್ಲ, ಯಾವುದೋ ಕೆಂಪು ಜಾಮ್ ಸಿಕ್ಕಿತು. ಒಂದು ಎಲೆಯಲ್ಲಿ ಅಪ್ಪನಿಗೆ ಮುದ್ದೆ, ಅವರೆಕಾಳಿನ ಸಾರು, ಒಂದು ಕಟ್ಟು ಬೀಡಿ. ಇನ್ನೊಂದರಲ್ಲಿ ಮಗನಿಗೆ ಅದೆಲ್ಲದರ ಜೊತೆಗೆ ಜಾಮ್ ಹಚ್ಚಿದ ಬ್ರೆಡ್ಡು. ಕಾಗೆಗಳು ಗೋಡೆಯ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದವು. ಒಂದೂ ಕೂಗಲಿಲ್ಲ. ಕೊನೆಗೆ ಒಂದು ಇಳಿದು ಬಂದು, ಮುದ್ದೆ ಬಿಟ್ಟು, ಬ್ರೆಡ್ಡಿಗೆ ಬಾಯಿ ಹಾಕಿತು.

"ಮುಟ್ತು" ಎಂದರು ತಾಯಿ. ಅಷ್ಟೇ. ಕೈ ತೊಳೆದು ಬಂದು ಎಲ್ಲರಿಗೂ ತಾವೇ ಬಡಿಸಿದರು.

ಮನೆಗೆ ಬಂದು ಅಮ್ಮಿಗೆ ಎಲ್ಲವನ್ನೂ ಹೇಳಿದೆ. ಅವಳು ಗಾಬರಿಯಾಗಲಿಲ್ಲ, ಅದೇನು ನಂಬಿಕೆ ಎಂದು ಹೀಯಾಳಿಸಲೂ ಇಲ್ಲ. ಮುಂದಿನ ಶುಕ್ರವಾರ ಸಿಹಿ ಮಾಡಿ, ಅಬ್ಬಾ ಕೈಯಲ್ಲಿ ತೀರಿಹೋದವರಿಗಾಗಿ ಫಾತೆಹಾ ಓದಿಸಿ, ಬೀದಿಯ ಮಕ್ಕಳಿಗೆ ಹಂಚಿದಳು. ಯಾರ ಹೆಸರಿನಲ್ಲಿ ಎಂದು ಕೇಳಿದವರಿಗೆ, ಕುಣಿಗಲ್ಲಿನ ಒಬ್ಬ ಹುಡುಗ ಎಂದಳು.

ಎಂಬತ್ತರ ದಶಕದಲ್ಲಿ ಆ ತಾಯಿ ಕಣ್ಣಿನ ಆಪರೇಷನ್ನಿಗೆ ತುಮಕೂರಿಗೆ ಬಂದಾಗ ಕೆಲವು ದಿನ ನಮ್ಮ ಮನೆಯಲ್ಲೇ ಉಳಿದಿದ್ದರು. ಅಮ್ಮಿಯ ಕನ್ನಡ ತರಕಾರಿ ಕೊಳ್ಳುವಷ್ಟು ಮಾತ್ರ. ಆದರೂ ಇಬ್ಬರೂ ಜಗಲಿಯ ಮೇಲೆ ಕುಳಿತು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅವರಿಬ್ಬರೂ ಏನು ಮಾತಾಡಿಕೊಂಡರೋ ತಿಳಿಯದು. ಅವರು ಕುಣಿಗಲ್ಲಿಗೆ ಮರಳಿದ ಮೇಲೆ ಅಮ್ಮಿ ನನ್ನನ್ನು ಬೆಳಿಗ್ಗೆ ಕೂಗಿ ಎಬ್ಬಿಸುವುದನ್ನು ನಿಲ್ಲಿಸಿಬಿಟ್ಟಳು. ಸದ್ದಿಲ್ಲದೆ ಬಂದು, ಹೊದಿಕೆಯ ಹೊರಗಿರುವ ನನ್ನ ಕಾಲಿನ ಹೆಬ್ಬೆರಳು ಹಿಡಿದು ಅಲ್ಲಾಡಿಸುತ್ತಿದ್ದಳು. ನಾನು ಕಣ್ಣು ಬಿಟ್ಟು ಅವಳ ಮುಖ ನೋಡುವವರೆಗೂ ಬಿಡುತ್ತಿರಲಿಲ್ಲ.